ಪದದ ತುದಿಯ ಸ್ವರ: ರೊಟುಮಾ ದ್ವೀಪದ ನುಡಿ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಯಾರ ನೆನಪಿಗೆ ಈ ದತ್ತಿ ಇದೆಯೋ ಆ ಮೇಷ್ಟ್ರು ತಮ್ಮ ಆಯುಷ್ಯವನ್ನೆಲ್ಲ ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸುತ್ತ ಕಳೆದವರು. ನಾನೂ ಅದೇ ಕೆಲಸ ಮಾಡಿದವನು. ಆದ್ದರಿಂದ ಇವತ್ತಿನ ಮಾತನ್ನು ತರಗತಿಯಿಂದಲೇ ಶುರುಮಾಡುತ್ತೇನೆ.

ಬಹಳ ವರ್ಷಗಳ ಹಿಂದೆ, ಸಂಧಿ ಪಾಠದ ದಿನ. ಲೋಪ, ಆಗಮ, ಆದೇಶ ಮೂರನ್ನೂ ಹಲಗೆಯ ಮೇಲೆ ಬರೆದಿದ್ದೆ. ಅಕ್ಷರ ಬಿದ್ದುಹೋಗಬಹುದು, ಹೊಸದು ಬಂದು ಸೇರಬಹುದು, ಒಂದರ ಜಾಗಕ್ಕೆ ಇನ್ನೊಂದು ಬರಬಹುದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಅಕ್ಷರಗಳು ತಮ್ಮ ತಮ್ಮಲ್ಲೇ ಜಾಗ ಅದಲುಬದಲು ಮಾಡಿಕೊಳ್ಳೋದಿಲ್ವಾ?” ಅವಳ ಪುಟ್ಟ ತಮ್ಮ ಕುದುರೆಯನ್ನು ‘ಕುರುದೆ’ ಅನ್ನುತ್ತಿದ್ದನಂತೆ. ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಒರಳು ತೆಲುಗಿನಲ್ಲಿ ರೋಲು. ನಮ್ಮ ಎರಡು ಅಲ್ಲಿ ರೆಂಡು. ನಮ್ಮ ಅವರು ಅಲ್ಲಿ ವಾರು. ಮೊದಲ ಸ್ವರ ವ್ಯಂಜನವನ್ನು ದಾಟಿ ಆಚೆಗೆ ಹೋಗಿದೆ. ಇದಕ್ಕೆ ಭಾಷಾವಿಜ್ಞಾನದಲ್ಲಿ ವರ್ಣಪಲ್ಲಟ ಎಂಬ ಹೆಸರಿದೆ ಎಂದು ಹೇಳಿದೆ. “ಆದರೆ ಇದು ಯಾವತ್ತೋ ಒಮ್ಮೆ ನಡೆದು ಮುಗಿದ ಬದಲಾವಣೆ. ದಿನದಿನದ ಮಾತಿನಲ್ಲಿ, ವ್ಯಾಕರಣದ ನಿಯಮವಾಗಿ, ಯಾವ ಭಾಷೆಯೂ ಹೀಗೆ ಮಾಡುವುದಿಲ್ಲ” ಎಂದೂ ಸೇರಿಸಿದೆ.

ಆ ಎರಡನೆಯ ಮಾತು ತಪ್ಪು. ತಪ್ಪೆಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು. ಪೆಸಿಫಿಕ್ ಸಾಗರದ ನಡುವಿನ ಒಂದು ಚುಕ್ಕೆಯಂಥ ದ್ವೀಪದಲ್ಲಿ ಜನ ಬಾಯಿ ತೆರೆದಾಗಲೆಲ್ಲ ಇದನ್ನೇ ಮಾಡುತ್ತಾರೆ. ಚಾಪೆ ಕೇಳುವಾಗ, ಹೂವನ್ನು ಹೆಸರಿಸುವಾಗ, ತಮ್ಮ ಭಾಷೆಯ ಹೆಸರನ್ನೇ ಹೇಳುವಾಗ ಕೂಡ. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ದ್ವೀಪದ ಹೆಸರು ರೊಟುಮಾ. ಫಿಜಿ ದೇಶಕ್ಕೆ ಸೇರಿದ್ದು, ಆದರೆ ಫಿಜಿಯ ಮುಖ್ಯ ದ್ವೀಪಗಳಿಂದ ಉತ್ತರಕ್ಕೆ 450 ಕಿಲೋಮೀಟರಿಗೂ ಹೆಚ್ಚು ದೂರ. ಜ್ವಾಲಾಮುಖಿ ಎಬ್ಬಿಸಿದ ನೆಲ. ವಿಸ್ತೀರ್ಣ ಸುಮಾರು 43 ಚದರ ಕಿಲೋಮೀಟರು. ಅಷ್ಟರಲ್ಲಿ ಏಳು ಸೀಮೆಗಳು, ಪ್ರತಿಯೊಂದಕ್ಕೂ ಒಬ್ಬ ಮುಖಂಡ. ಫಿಜಿ ಎಂದರೆ ನಮಗೆ ನೆನಪಾಗುವುದು ಕಬ್ಬಿನ ಗದ್ದೆ, ಗಿರ್ಮಿಟ್ ಕರಾರಿನ ಮೇಲೆ ಹಡಗು ಹತ್ತಿದ ಭಾರತೀಯರು. ರೊಟುಮಾದ ಕಥೆ ಬೇರೆ. ಅಲ್ಲಿಯವರು ಫಿಜಿಯ ಮೂಲನಿವಾಸಿಗಳಿಗಿಂತಲೂ ಪ್ರತ್ಯೇಕವಾದ ಜನ, ಅವರ ನುಡಿಯೂ ಪ್ರತ್ಯೇಕ.

ಈ ನುಡಿ ಆಸ್ಟ್ರೋನೇಷ್ಯನ್ ಕುಟುಂಬದ್ದು. ತೈವಾನಿನಿಂದ ಹೊರಟು, ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾಗಳನ್ನು ಹಾದು, ಪಶ್ಚಿಮಕ್ಕೆ ಮಡಗಾಸ್ಕರಿನವರೆಗೆ, ಪೂರ್ವಕ್ಕೆ ಈಸ್ಟರ್ ದ್ವೀಪದವರೆಗೆ ದೋಣಿಯಲ್ಲಿ ಹರಡಿದ ಕುಟುಂಬ. ಸಾವಿರಕ್ಕೂ ಮೀರಿದ ಭಾಷೆಗಳು. ಇಷ್ಟು ದೂರ ಚದುರಿದರೂ ಕೆಲವು ಮಾತುಗಳು ಕೈಬಿಟ್ಟಿಲ್ಲ. ಐದು ಎಂಬುದಕ್ಕೆ ಮಲಯ ಭಾಷೆಯಲ್ಲಿ ‘ಲಿಮ’, ಹವಾಯಿಯಲ್ಲಿ ‘ಲಿಮ’, ರೊಟುಮಾದಲ್ಲಿಯೂ ‘ಲಿಮ’.

ಈಗ ಧ್ವನಿಗಳಿಗೆ ಬರೋಣ. ರೊಟುಮಾ ನುಡಿಯಲ್ಲಿ ವ್ಯಂಜನಗಳು 14. ಮಹಾಪ್ರಾಣಗಳಿಲ್ಲ, ಗ, ದ, ಬ ಇಲ್ಲ. ನಮ್ಮ ವರ್ಣಮಾಲೆಯ ಪಕ್ಕದಲ್ಲಿ ಇಟ್ಟರೆ ಬಡವಾಗಿ ಕಾಣುತ್ತದೆ. ಆದರೆ ಎರಡು ಧ್ವನಿಗಳ ಬಗ್ಗೆ ನಿಂತು ಮಾತನಾಡಬೇಕು. ಒಂದು, ನಮ್ಮ ಙ. ‘ಕ ಖ ಗ ಘ ಙ’ ಎಂದು ನಾವೆಲ್ಲ ಹಾಡಿದ್ದೇವೆ; ಹಾಡಿದ ಮೇಲೆ ಆ ಅಕ್ಷರವನ್ನು ಯಾವ ಪದದಲ್ಲೂ ಬರೆಯಲಿಲ್ಲ. ‘ಅಂಗಳ’ದ ಸೊನ್ನೆಯೊಳಗೆ ಅಡಗಿ ಕೂತ ಧ್ವನಿ ಅದು. ರೊಟುಮಾದಲ್ಲಿ ಅದು ಕ, ಮ, ನಗಳಷ್ಟೇ ಸ್ವತಂತ್ರ ವ್ಯಂಜನ, ಸ್ವರದ ಹಿಂದೆ ನಿಂತು ಪದ ಕಟ್ಟುತ್ತದೆ. ಅವರ ರೋಮನ್ ಬರಹದಲ್ಲಿ ಅದಕ್ಕೆ ‘ಜಿ’ ಅಕ್ಷರ ಬಳಸುತ್ತಾರೆ. ಹಾಗಾಗಿ ಬರಹ ನೋಡಿ ಓದುವ ಹೊರಗಿನವರು ‘ಗ’ ಎಂದುಬಿಡುತ್ತಾರೆ. ಇನ್ನೊಂದು ಗಂಟಲ ತಡೆ. ಮಗು ಊಟ ಬೇಡವೆಂದು ಬಾಯಿ ಮುಚ್ಚಿಕೊಂಡೇ ‘ಊಂ-ಊಂ’ ಎನ್ನುವಾಗ ಎರಡು ಊಂಗಳ ನಡುವೆ ಉಸಿರು ಗಂಟಲಲ್ಲಿ ಕಟ್ಟಿ ಬಿಡುತ್ತದಲ್ಲ, ಅದೇ. ನಮಗೆ ಅದು ಅಕ್ಷರವೇ ಅಲ್ಲ. ಅವರಿಗೆ ಪೂರಾ ವ್ಯಂಜನ. ಈ ಮುದ್ರಣದಲ್ಲಿ ಅದನ್ನು ’ ಎಂಬ ಗುರುತಿನಿಂದ ತೋರಿಸಿದ್ದೇನೆ. ಫ ಎಂದು ಬರೆದಲ್ಲೆಲ್ಲ ಕಾಫಿಯ ಫ ಎಂದು ಓದಿಕೊಳ್ಳಬೇಕು.

ಸ್ವರಗಳ ಲೆಕ್ಕ ಇನ್ನೂ ಕುತೂಹಲದ್ದು. ಬುಡದಲ್ಲಿ ಇರುವುದು ಐದೇ: ಅ, ಇ, ಉ, ಎ, ಒ. ಆದರೆ ಮಾತಿನಲ್ಲಿ ಕೇಳುವುದು ಹತ್ತು. ಉಳಿದ ಐದು ಎಲ್ಲಿಂದ ಬಂದವು? ಆ ಪ್ರಶ್ನೆಯ ಹಿಂದೆ ಹೋದರೆ ಈ ಭಾಷೆಯ ಹೃದಯಕ್ಕೇ ಹೋಗಿ ಮುಟ್ಟುತ್ತೇವೆ.

ರೊಟುಮಾದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಪದಕ್ಕೂ ಎರಡು ರೂಪ. 1940ರಲ್ಲಿ ಸಿಡ್ನಿಯಲ್ಲಿ ಅಚ್ಚಾದ ವ್ಯಾಕರಣ-ನಿಘಂಟಿನಲ್ಲಿ ಮೆಥಡಿಸ್ಟ್ ಪಾದ್ರಿ ಸಿ. ಮ್ಯಾಕ್ಸ್‌ವೆಲ್ ಚರ್ಚ್‌ವರ್ಡ್ ಇವನ್ನು ಪೂರ್ಣ ಸ್ಥಿತಿ, ಅಪೂರ್ಣ ಸ್ಥಿತಿ ಎಂದು ಕರೆದರು. ನಾನು ತುಂಬು ರೂಪ, ಮೊಟಕು ರೂಪ ಎನ್ನುತ್ತೇನೆ. ತುಂಬು ರೂಪ ಸ್ವರದಲ್ಲಿ ಮುಗಿಯುತ್ತದೆ. ಮೊಟಕು ರೂಪ ಸಾಮಾನ್ಯವಾಗಿ ವ್ಯಂಜನದಲ್ಲಿ. ಆದರೆ ತುದಿಯ ಸ್ವರ ಯಾವಾಗಲೂ ಸುಮ್ಮನೆ ಬಿದ್ದುಹೋಗುವುದಿಲ್ಲ.

ಹೂವಿಗೆ ಅವರ ಮಾತು ‘ಹೊಸ’. ನಮಗೆ ಬೇರೆಯೇ ಅರ್ಥ ಕೊಡುವ ಈ ಪದದ ಮೊಟಕು ರೂಪ ‘ಹೊಅಸ್’. ತುದಿಯ ಅಕಾರ ಸಕಾರವನ್ನು ಹಾರಿ ಒಳಗೆ ಬಂದು ಒಕಾರದ ಪಕ್ಕ ಕೂತಿದೆ. ಮಾಂಸಕ್ಕೆ ‘ತಿಕೊ’, ಮೊಟಕಾದರೆ ‘ತಿಒಕ್’. ತೀರ್ಮಾನಿಸು, ಆಳು ಎಂಬುದಕ್ಕೆ ‘ಪುರೆ’, ಮೊಟಕಾದರೆ ‘ಪುಎರ್’. ಇವನ್ನೆಲ್ಲ ಎರಡು ಸ್ವರಗಳಾಗಿ ಬಿಡಿಸಿ ಓದಬಾರದು, ಒಂದೇ ಉಸಿರಿನಲ್ಲಿ ಜಾರಿಸಿ ಒಂದೇ ಅಕ್ಷರವಾಗಿ ನುಡಿಯಬೇಕು. ‘ಹೊಅಸ್’ ನುಡಿದಾಗ ‘ಹ್ವಸ್’ ಎಂಬುದಕ್ಕೆ ಹತ್ತಿರವಾಗಿ ಕೇಳುತ್ತದೆ.

ಎಲ್ಲ ಪದಗಳಲ್ಲೂ ಹೀಗೆ ಪಲ್ಲಟವಾಗುವುದಿಲ್ಲ. ನಿದ್ದೆಮಾಡು ಎಂಬುದಕ್ಕೆ ‘ಮೊಸೆ’. ಇದರ ಮೊಟಕು ರೂಪವನ್ನು ವೇದಿಕೆಯಲ್ಲಾದರೆ ಬಾಯಲ್ಲಿ ಹೇಳಿ ತೋರಿಸಬಹುದು, ಅಚ್ಚಿನಲ್ಲಿ ಕಷ್ಟ. ತುಟಿಗಳನ್ನು ಒಕಾರಕ್ಕೆ ದುಂಡಗೆ ಮಾಡಿ. ಹಾಗೇ ಇಟ್ಟುಕೊಂಡು ನಾಲಿಗೆಯನ್ನು ಎಕಾರಕ್ಕೆ ಮುಂದೆ ತನ್ನಿ. ಈಗ ದನಿ ತೆಗೆಯಿರಿ. ಎರಡೂ ಸ್ವರಗಳು ಬೆರೆತು ಮೂರನೆಯದೊಂದು ಹುಟ್ಟುತ್ತದೆ. ಹಿಂದೆಮುಂದೆ ಅದಕ್ಕೆ ಮ್ ಮತ್ತು ಸ್ ಸೇರಿಸಿದರೆ ಮೊಟಕು ರೂಪ ಸಿದ್ಧ. ಎಳೆ ಎಂಬ ಕ್ರಿಯೆಗೆ ‘ಫುತಿ’: ಅದನ್ನು ಮೊಟಕು ಮಾಡಿದರೆ ತುಟಿ ಉಕಾರದ್ದು, ನಾಲಿಗೆ ಇಕಾರದ್ದು. ಬುಡದಲ್ಲಿ ಐದೇ ಇದ್ದ ಸ್ವರಗಳು ಹತ್ತಾದದ್ದು ಹೀಗೆ. ತುದಿಯ ಸ್ವರ ಒಳಗೆ ಬಂದು ಹಿಂದಿನ ಸ್ವರಕ್ಕೆ ತನ್ನ ಬಣ್ಣ ಹಚ್ಚಿತು.

ಇನ್ನು ಕೆಲವು ಪದಗಳಲ್ಲಿ ನಮಗೆ ಪರಿಚಿತವಾದ ಲೋಪವೇ. ಉರುಳು ಎಂಬುದಕ್ಕೆ ‘ತೊಕಿರಿ’, ‘ತೊಕಿರ್’. ಅನುಕರಿಸು ಎಂಬುದಕ್ಕೆ ‘ರಕೊ’, ‘ರಕ್’. ಇದೇಕೆ ಹೀಗೆ, ಅದೇಕೆ ಹಾಗೆ? ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಗಮನಿಸಿ. ಒ ನಂತರ ಅ, ಇ ನಂತರ ಒ, ಉ ನಂತರ ಎ: ಈ ಜೋಡಿಗಳಲ್ಲಿ ಎರಡನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆದುಕೊಳ್ಳುತ್ತದೆ. ಅಂಥಲ್ಲಿ ಎರಡೂ ಜಾರಿ ಒಂದಾಗಲು ಸಾಧ್ಯ, ಪಲ್ಲಟ ಆಗುತ್ತದೆ. ‘ರಕೊ’ದಲ್ಲಿ ಅ ಆದಮೇಲೆ ಒ, ಬಾಯಿ ಮುಚ್ಚಿಕೊಳ್ಳುವ ದಾರಿ. ಅಲ್ಲಿ ತುದಿಯ ಸ್ವರಕ್ಕೆ ಒಳಗೆ ಜಾಗವಿಲ್ಲ, ಬಿದ್ದುಹೋಗುತ್ತದೆ. ‘ತೊಕಿರಿ’ಯಲ್ಲಿ ಎರಡೂ ಇಕಾರವೇ ಆದ್ದರಿಂದ ಒಂದು ಸಾಕು. ನೋಡಲು ಮೂರು ಬೇರೆ ಬೇರೆ ಬದಲಾವಣೆ. ಆದರೆ ಇವುಗಳ ಗುರಿ ಒಂದೇ.

ಆ ಗುರಿ ಏನೆಂದು ಹೇಳಲು ಇಂಗ್ಲಿಷ್ ಭಾಷಾವಿಜ್ಞಾನಿಗಳು ಪುಟಗಟ್ಟಲೆ ಬರೆಯಬೇಕಾಯಿತು. ಕನ್ನಡದ ಕೇಳುಗರಿಗೆ ಎರಡು ಪದ ಸಾಕು: ಗುರು, ಲಘು. ‘ಹೊ-ಸ’ ಎಂದರೆ ಎರಡು ಲಘು. ‘ಹೊಅಸ್’ ಎಂದರೆ ಒಂದು ಗುರು. ಎರಡು ಲಘುವಿಗೆ ಒಂದು ಗುರು ಸಮ ಎಂಬುದು ಷಟ್ಪದಿಗೆ ಪ್ರಸ್ತಾರ ಹಾಕಿದ ಎಲ್ಲರಿಗೂ ಗೊತ್ತು. ಭಾಷಾವಿಜ್ಞಾನಿ ಜಾನ್ ಮೆಕಾರ್ಥಿ 2000ದಲ್ಲಿ ಪ್ರಕಟಿಸಿದ ಲೇಖನದ ತಿರುಳು ಇಷ್ಟೇ: ಮೊಟಕು ರೂಪದ ಕೊನೆಯಲ್ಲಿ ಗುರು ಇರಬೇಕು. ಸ್ವರ ಒಳಗೆ ಹಾರಿದರೂ, ಬೆರೆತರೂ, ಬಿದ್ದರೂ ಆ ಒಂದು ಗುರು ಸಿದ್ಧವಾಗಬೇಕು. ಈ ಲೇಖನ ಓದಿದ ದಿನ ನನಗಾದ ಸಂತೋಷವನ್ನು ನಿಮ್ಮೊಡನೆ ಹಂಚಿಕೊಳ್ಳಲೇಬೇಕು. ನಾಗವರ್ಮನ ಛಂದಸ್ಸಿನ ಪಾಠವನ್ನು ಮಕ್ಕಳು ಕೇವಲ ಪರೀಕ್ಷೆಗೆ ಓದುತ್ತಾರೆಂದು ಬೇಸರ ಪಡುತ್ತಿದ್ದ ನನಗೆ, ಗುರು-ಲಘುಗಳು ಕವಿಗಳ ಕಟ್ಟುಪಾಡು ಮಾತ್ರವಲ್ಲ, ಮನುಷ್ಯನ ಮಾತಿನ ಎಲುಬು ಎಂಬುದು ಆ ದಿನ ಮನದಟ್ಟಾಯಿತು. ಪದ್ಯ ಬರೆಯದೆಯೇ ಒಂದು ದ್ವೀಪದ ಜನ ದಿನವಿಡೀ ಮಾತ್ರೆಗಳ ಲೆಕ್ಕ ಇಡುತ್ತಿದ್ದಾರೆ.

ಇಷ್ಟಾದರೆ ಇದು ಉಚ್ಚಾರಣೆಯ ವಿಷಯವೆನಿಸಬಹುದು. ನಮ್ಮಲ್ಲೂ ‘ಕೆಲಸ’ ಮಾತಿನಲ್ಲಿ ‘ಕೆಲ್ಸ’ ಆಗುತ್ತದೆ, ‘ಹೋಗುತ್ತೇನೆ’ ‘ಹೋಗ್ತೇನೆ’ ಆಗುತ್ತದೆ. ಅರ್ಥ ಬದಲಾಗುವುದಿಲ್ಲ. ರೊಟುಮಾದಲ್ಲಿ ಬದಲಾಗುತ್ತದೆ.

ಚಾಪೆಗೆ ಅವರ ಮಾತು ‘’ಎಪ’, ಮೊಟಕು ರೂಪ ‘’ಎಅಪ್’. ಅಲ್ಲಿ ಚಾಪೆ ಎಂದರೆ ಮಲಗುವುದಕ್ಕೆ ಹಾಸುವ ವಸ್ತು ಮಾತ್ರವಲ್ಲ. ಕೇದಗೆಯ ಜಾತಿಯ ಗಿಡದ ಎಲೆಯಿಂದ ಹೆಂಗಸರು ಹೆಣೆಯುವ ಬಿಳಿಯ ನಯವಾದ ಚಾಪೆಗಳು ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಮುಖಂಡನ ಪಟ್ಟಾಭಿಷೇಕದಲ್ಲಿ ಕೊಡುವ ಅತಿ ಬೆಲೆಯುಳ್ಳ ಉಡುಗೊರೆ. ಅಂಥ ಸಂದರ್ಭದಲ್ಲಿ ಎರಡು ವಾಕ್ಯಗಳನ್ನು ಕೇಳಿಸಿಕೊಳ್ಳಿ. ‘’ಎಪ ಲ ಹೊಅ’’ ಎಂದರೆ ‘ಆ ಚಾಪೆಗಳನ್ನು ಒಯ್ಯುತ್ತಾರೆ’. ಯಾವ ಚಾಪೆಗಳೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತು. ‘’ಎಅಪ್ ಲ ಹೊಅ’’ ಎಂದರೆ ‘ಕೆಲವು ಚಾಪೆಗಳನ್ನು ಒಯ್ಯುತ್ತಾರೆ’. ‘ಆ’ ಎಂಬ ಪದವೂ ಇಲ್ಲ, ‘ಕೆಲವು’ ಎಂಬ ಪದವೂ ಇಲ್ಲ. ಅಕಾರ ಪಕಾರದ ಹಿಂದಿದೆಯೇ, ಮುಂದಿದೆಯೇ ಎಂಬುದರಲ್ಲೇ ಇಡೀ ಅರ್ಥ. ‘ಫಮೊರಿ’ ಎಂದರೆ ಜನ. ತುಂಬು ರೂಪದಲ್ಲಿ ‘ಫಮೊರಿ ’ಎಅ’ ಎಂದರೆ ‘ಆ ಜನ ಹೇಳುತ್ತಾರೆ’. ‘ಫಮೊರಿ’ಯನ್ನು ಮೊಟಕು ಮಾಡಿದರೆ ‘ಯಾರೋ ಕೆಲವರು ಹೇಳುತ್ತಾರೆ’. ಊರಿನ ಜಗಳದಲ್ಲಿ ಈ ಎರಡು ಮಾತುಗಳ ನಡುವೆ ಎಷ್ಟು ಅಂತರ ಎಂದು ನಿಮಗೆ ಹೇಳಬೇಕಿಲ್ಲ.

ಇದು ತೀರ ವಿಚಿತ್ರವೆನಿಸಿದರೆ ನಮ್ಮದೇ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳೋಣ. ‘ಸಂತೆಯಿಂದ ಚಾಪೆ ತಂದೆ.’ ‘ಸಂತೆಯಿಂದ ಚಾಪೆಯನ್ನು ತಂದೆ.’ ಮೊದಲನೆಯದು ಯಾವುದೋ ಚಾಪೆ. ಎರಡನೆಯದು ನೀನು ಹೇಳಿದ್ದ, ನಮ್ಮಿಬ್ಬರಿಗೂ ತಿಳಿದಿದ್ದ ಚಾಪೆ. ಕನ್ನಡದಲ್ಲಿಯೂ ಇದಕ್ಕೆಂದೇ ಬೇರೆ ಪದ ಬೇಕಿಲ್ಲ. ದ್ವಿತೀಯಾ ವಿಭಕ್ತಿ ಹತ್ತಿದೆಯೇ ಇಲ್ಲವೇ ಎಂಬುದು ಆ ಕೆಲಸ ಮಾಡುತ್ತದೆ. ನಾವು ಪದದ ತುದಿಗೆ ಒಂದು ಪ್ರತ್ಯಯ ಹಚ್ಚಿ ಹೇಳುವುದನ್ನು ಅವರು ತುದಿಯನ್ನು ಮಡಚಿಯೋ ಬಿಚ್ಚಿಯೋ ಹೇಳುತ್ತಾರೆ.

ಪದಗಳು ಸಾಲಾಗಿ ಬಂದಾಗಲೂ ಒಂದು ಕ್ರಮವಿದೆ. ಮೊದಲು ನಾಮಪದ, ಅದರ ನಂತರ ವಿಶೇಷಣ. ಕೊನೆಯ ಪದದ ತನಕ ಉಳಿದವೆಲ್ಲ ಮೊಟಕು ರೂಪದಲ್ಲಿ. ಉತ್ಸಾಹಿ ಎಂಬುದಕ್ಕೆ ‘ಫೆ’ಎನಿ’. ‘ಉತ್ಸಾಹಿ ಜನ’ ಎನ್ನುವಾಗ ‘ಫಮೊರಿ’ ಮೊಟಕಾಗಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಕೊನೆಯ ಪದ ‘ಫೆ’ಎನಿ’ ಎಂದು ತುಂಬಿ ನಿಂತರೆ ‘ಆ ಉತ್ಸಾಹಿ ಜನ’, ‘ಫೆ’ಎನ್’ ಎಂದು ಮೊಟಕಾದರೆ ‘ಯಾರೋ ಉತ್ಸಾಹಿ ಜನ’. ಅಂದರೆ ಇಡೀ ಪದಪುಂಜದ ಅರ್ಥವನ್ನು ಅದರ ಕಟ್ಟಕಡೆಯ ಸ್ವರ ನಿರ್ಧರಿಸುತ್ತದೆ. ಕ್ರಿಯಾಪದಗಳಲ್ಲಿ ತುಂಬು ರೂಪ ಬಂದರೆ ಮಾತಿಗೆ ಖಚಿತತೆ, ಮುಗಿಯಿತೆಂಬ ಭಾವ ಬರುತ್ತದೆ ಎಂದು ಚರ್ಚ್‌ವರ್ಡ್ ಗುರುತಿಸಿದರು. ಅವರ ನಂತರ ಬಂದ ವಿದ್ವಾಂಸರಲ್ಲಿ ಹಲವರು ಅರ್ಥಕ್ಕಿಂತ ವಾಕ್ಯರಚನೆ, ಪ್ರತ್ಯಯಗಳ ತೂಕ, ಗುರು-ಲಘುಗಳ ಕಡೆಗೆ ಹೆಚ್ಚು ವಾಲಿದರು. ಆ ವಿಶ್ಲೇಷಣೆಗಳು ಸೊಗಸಾಗಿವೆ. ಆದರೂ ನನ್ನ ಗೌರವ ಮೊದಲು ಸಲ್ಲುವುದು ಜನರ ನಡುವೆ ಕೂತು ಕೇಳಿ, ‘ಆ ಚಾಪೆಗಳು’ ಮತ್ತು ‘ಕೆಲವು ಚಾಪೆಗಳು’ ಎಂಬ ವ್ಯತ್ಯಾಸವನ್ನು ಹಿಡಿದು ಬರೆದಿಟ್ಟವರಿಗೆ. ಅಂಥ ಕಿವಿ ಇಲ್ಲದಿದ್ದರೆ ಮುಂದಿನವರಿಗೆ ವಿಶ್ಲೇಷಿಸಲು ಏನೂ ಇರುತ್ತಿರಲಿಲ್ಲ.

ಇಂಥ ವ್ಯವಸ್ಥೆ ಹುಟ್ಟಿದ್ದಾದರೂ ಹೇಗೆ? ಯಾರೂ ಕೂತು ನಿಯಮ ಮಾಡಿದ್ದಲ್ಲ. 1998ರಲ್ಲಿ ಭಾಷಾವಿಜ್ಞಾನಿಗಳಾದ ಜೂಲಿಯೆಟ್ ಬ್ಲೆವಿನ್ಸ್ ಮತ್ತು ಆ್ಯಂಡ್ರೂ ಗ್ಯಾರೆಟ್ ಒಂದು ವಿವರಣೆ ಕೊಟ್ಟರು. ನನಗೆ ಅದು ಒಪ್ಪಿಗೆಯಾಗಿದೆ. ಒತ್ತು ಇರುವುದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ, ಹಾಗಾಗಿ ತುದಿಯ ಸ್ವರ ದುರ್ಬಲ. ಬಾಯಿಯಾದರೋ ಮುಂದೆ ಬರುವ ಸ್ವರಕ್ಕೆ ಮೊದಲೇ ಸಿದ್ಧವಾಗತೊಡಗುತ್ತದೆ. ‘ಹೊಸ’ ಎನ್ನುವಾಗ ಒಕಾರ ಮುಗಿಯುವ ಮುಂಚೆಯೇ ನಾಲಿಗೆ ಅಕಾರದ ಕಡೆಗೆ ಹೊರಟಿರುತ್ತದೆ. ತಲೆಮಾರುಗಳು ಕಳೆದಂತೆ ಒಳಗಿನ ಆ ನೆರಳು ಗಟ್ಟಿಯಾಯಿತು, ತುದಿಯ ಮೂಲ ಸ್ವರ ಸವೆಯಿತು. ಕೊನೆಗೆ ನೆರಳೇ ಉಳಿಯಿತು. ಸ್ವರ ಹಾರಲಿಲ್ಲ, ನಿಧಾನವಾಗಿ ಸರಿದುಕೊಂಡಿತು.

ಮುಂದಿನ ಸ್ವರದ ನೆರಳು ಹಿಂದಿನದರ ಮೇಲೆ ಬೀಳುವುದು ಕನ್ನಡಕ್ಕೂ ಹೊಸದಲ್ಲ. ತಮಿಳಿನಲ್ಲಿ ‘ಎಲಿ’, ನಮ್ಮಲ್ಲಿ ‘ಇಲಿ’. ತಮಿಳಿನ ‘ಚೆವಿ’ ನಮ್ಮ ‘ಕಿವಿ’. ತುದಿಯ ಇಕಾರ ಮೊದಲ ಎಕಾರವನ್ನು ತನ್ನ ಎತ್ತರಕ್ಕೆ ಎಳೆದುಕೊಂಡಿದೆ. ನಾವು ಅಲ್ಲಿಗೇ ನಿಂತೆವು. ತುದಿಯ ಇಕಾರವನ್ನು ಬಿಡಲಿಲ್ಲ. ಅಷ್ಟೇ ಅಲ್ಲ, ಹಳಗನ್ನಡದ ‘ಕಣ್’, ‘ನೀರ್’, ‘ಪಾಲ್’ಗಳಿಗೆ ಹೊಸಗನ್ನಡ ತುದಿಯಲ್ಲಿ ಒಂದು ಉಕಾರವನ್ನು ಸೇರಿಸಿತು: ಕಣ್ಣು, ನೀರು, ಹಾಲು. ರೊಟುಮಾ ಜನ ಪದದ ಬಾಗಿಲು ಮುಚ್ಚುವ ದಾರಿ ಕಂಡುಕೊಂಡರು, ನಾವು ಮುಚ್ಚಿದ್ದನ್ನು ತೆರೆದಿಟ್ಟೆವು.

‘ಪಾಲ್’ ಹಾಲಾದ ಮಾತು ಬಂದಿತಲ್ಲ, ಅಲ್ಲೇ ಇನ್ನೊಂದು ಸೋಜಿಗವಿದೆ. ಆಸ್ಟ್ರೋನೇಷ್ಯನ್ ಕುಟುಂಬದ ಓಷಿಯಾನಿಕ್ ಶಾಖೆಯ ಮೂಲ ಭಾಷೆಯಲ್ಲಿ ಏಳಕ್ಕೆ ‘ಪಿತು’ ಎಂಬ ರೂಪವನ್ನು ವಿದ್ವಾಂಸರು ಪುನರ್‌ರಚಿಸಿದ್ದಾರೆ. ಜಾವಾದಲ್ಲಿ ಇಂದಿಗೂ ‘ಪಿತು’. ಟೊಂಗಾದಲ್ಲಿ ‘ಫಿತು’. ರೊಟುಮಾದಲ್ಲಿ ‘ಹಿಫು’. ಕಲ್ಲಿಗೆ ಮಲಯದಲ್ಲಿ ‘ಬಾತು’, ಫಿಜಿಯಲ್ಲಿ ‘ವತು’, ರೊಟುಮಾದಲ್ಲಿ ‘ಹಫು’. ಚಂದ್ರನಿಗೆ ಮಲಯದಲ್ಲಿ ‘ಬುಲಾನ್’, ಫಿಜಿಯಲ್ಲಿ ‘ವುಲ’, ರೊಟುಮಾದಲ್ಲಿ ‘ಹುಲ’. ಹಳೆಯ ಪಕಾರ ಹಕಾರವಾಗಿದೆ, ನಮ್ಮ ‘ಪುಲಿ’ ಹುಲಿಯಾದಂತೆ, ‘ಪೊಸ’ ಹೊಸದಾದಂತೆ. 13ನೆಯ ಶತಮಾನದಲ್ಲಿ ಕೇಶಿರಾಜ ಪಕಾರ-ಹಕಾರಗಳ ವಿಷಯವನ್ನು ಶಬ್ದಮಣಿದರ್ಪಣದಲ್ಲಿ ಎತ್ತಿಕೊಂಡಾಗ, ಭೂಮಿಯ ಇನ್ನೊಂದು ಬದಿಯ ದ್ವೀಪವೊಂದರ ನಾಲಿಗೆಗಳೂ ಇದೇ ದಾರಿ ಹಿಡಿದಿವೆ ಎಂದು ಅವನಿಗೆ ತಿಳಿಯುವ ಸಂಭವವೇ ಇರಲಿಲ್ಲ. ಎರಡು ನುಡಿಗಳಿಗೂ ಯಾವ ನಂಟೂ ಇಲ್ಲ. ತುಟಿ ಸಡಿಲವಾದರೆ ಪಕಾರ ಉಸಿರಾಗುತ್ತದೆ. ಮನುಷ್ಯನ ತುಟಿ ಎಲ್ಲ ಕಡೆಯೂ ಒಂದೇ.

ತಕಾರದ ಕಥೆ ಮಾತ್ರ ರೊಟುಮಾದ್ದೇ. ಮೂರಕ್ಕೆ ಟೊಂಗಾದಲ್ಲಿ ‘ತೊಲು’, ಹವಾಯಿಯಲ್ಲಿ ‘ಕೊಲು’, ರೊಟುಮಾದಲ್ಲಿ ‘ಫೊಲು’. ಕಣ್ಣಿಗೆ ಮಲಯದಲ್ಲಿ ‘ಮಾತ’, ಹವಾಯಿಯಲ್ಲಿ ‘ಮಕ’, ರೊಟುಮಾದಲ್ಲಿ ‘ಮಫ’. ತಕಾರ ಫಕಾರವಾಗಿದೆ. ‘ಹಿಫು’ವನ್ನು ಇನ್ನೊಮ್ಮೆ ನೋಡಿ: ಪಿ ಹೋಗಿ ಹಿ, ತು ಹೋಗಿ ಫು. ನಿಯಮ ತಿಳಿಯದಿದ್ದರೆ ಪಿತುವಿಗೂ ಹಿಫುವಿಗೂ ರಕ್ತಸಂಬಂಧವಿದೆ ಎಂದು ಯಾರು ನಂಬುತ್ತಾರೆ?

ಆದರೆ ರೊಟುಮಾದಲ್ಲಿ ತಕಾರ ತಕಾರವಾಗಿಯೇ ಉಳಿದ ಪದಗಳೂ ಬೇಕಾದಷ್ಟಿವೆ. ಇದು ಬಹಳ ಕಾಲ ವಿದ್ವಾಂಸರನ್ನು ಕಾಡಿತು. 1965ರಲ್ಲಿ ನ್ಯೂಜಿಲೆಂಡಿನ ಬ್ರೂಸ್ ಬಿಗ್ಸ್ ಗಂಟು ಬಿಚ್ಚಿದರು: ಆ ನುಡಿಯಲ್ಲಿ ಎರಡು ಪದರಗಳಿವೆ. ಒಂದು ತಾಯಿಯಿಂದ ಬಂದದ್ದು, ಧ್ವನಿ ಬದಲಾವಣೆಯನ್ನು ಪೂರಾ ಅನುಭವಿಸಿದ್ದು. ಇನ್ನೊಂದು ಆಮೇಲೆ ಪಾಲಿನೇಷ್ಯಾದ ನೆರೆಹೊರೆಯವರಿಂದ ಕಡ ತಂದದ್ದು, ಅದಕ್ಕೆ ಆ ಬದಲಾವಣೆ ತಗಲಲಿಲ್ಲ. ಇದಕ್ಕೆ ಉದಾಹರಣೆ ಕೊಡಲು ನಾನು ದ್ವೀಪಕ್ಕೆ ಹೋಗಬೇಕಿಲ್ಲ. ಹಾಲು, ಹೂವು, ಹಲ್ಲು, ಹತ್ತು ನಮ್ಮವು. ಪೂಜೆ, ಪಾಠ, ಪುಸ್ತಕ, ಪುಣ್ಯ ಸಂಸ್ಕೃತದಿಂದ ಬಂದವು. ಅವುಗಳ ಪಕಾರ ಅಲುಗಲಿಲ್ಲ. ಒಂದು ಧ್ವನಿಯನ್ನು ಹಿಡಿದುಕೊಂಡು ಪದಗಳ ಮನೆತನವನ್ನು ಹೇಳಬಹುದು. ಬರೆದಿಟ್ಟ ಇತಿಹಾಸವೇ ಇಲ್ಲದ ದ್ವೀಪದಲ್ಲಿ ಯಾವ ಕಾಲದಲ್ಲಿ ಯಾರ ದೋಣಿ ಬಂದು ತಂಗಿತ್ತು ಎಂಬ ದಾಖಲೆ ತಕಾರ-ಫಕಾರಗಳಲ್ಲಿ ಉಳಿದುಕೊಂಡಿದೆ.

ಬರಹದ ಇತಿಹಾಸ ಇತ್ತೀಚಿನದು, ನೋವಿನದೂ ಹೌದು. ಬೌಂಟಿ ಹಡಗಿನ ಬಂಡಾಯಗಾರರನ್ನು ಹುಡುಕುತ್ತ ಹೊರಟ ಪಂಡೋರಾ ಎಂಬ ಇಂಗ್ಲಿಷ್ ಹ​ಡಗು 1791ರಲ್ಲಿ ಈ ದ್ವೀಪವನ್ನು ಕಂಡಿತು. ಆಮೇಲೆ ತಿಮಿಂಗಿಲ ಬೇಟೆಯವರು, ಅವರ ಹಿಂದೆ ಧರ್ಮಪ್ರಚಾರಕರು. ಮೆಥಡಿಸ್ಟರು ಒಂದು ಕಡೆ, ಫ್ರೆಂಚ್ ಕ್ಯಾಥೊಲಿಕರು ಇನ್ನೊಂದು ಕಡೆ. ಪ್ರತಿಯೊಂದು ಪಂಗಡಕ್ಕೂ ತನ್ನದೇ ಕಾಗುಣಿತ. ಒಂದೇ ಪದವನ್ನು ಒಂದು ಚರ್ಚಿನ ಮಕ್ಕಳು ಒಂದು ರೀತಿ, ಇನ್ನೊಂದು ಚರ್ಚಿನ ಮಕ್ಕಳು ಇನ್ನೊಂದು ರೀತಿ ಬರೆಯಲು ಕಲಿತರು. ಪಂಗಡಗಳ ವೈರ 1878ರಲ್ಲಿ ಕಾಳಗಕ್ಕೇ ತಿರುಗಿತು. ಆ ನಂತರ ಮುಖಂಡರು ದ್ವೀಪವನ್ನು ಬ್ರಿಟಿಷರಿಗೆ ಒಪ್ಪಿಸಿದರು; 1881ರ ಮೇ 13ರಂದು ಒಪ್ಪಂದ ಆಯಿತು, ಆಡಳಿತ ಫಿಜಿಯ ಕೈಗೆ ಹೋಯಿತು. ಆ ದಿನವನ್ನು ಇವತ್ತಿಗೂ ರೊಟುಮಾ ದಿನವೆಂದು ಆಚರಿಸುತ್ತಾರೆ.

ಚರ್ಚ್‌ವರ್ಡ್ ಮುಂದೆ ಟೊಂಗಾ, ಫಿಜಿ ಭಾಷೆಗಳಿಗೂ ವ್ಯಾಕರಣ ಬರೆದರು. ಆದರೆ ಸ್ವರಗಳ ಮೇಲೆ ಕೆಳಗೆ ಚುಕ್ಕೆಗಳನ್ನಿಟ್ಟು, ಹತ್ತೂ ಸ್ವರಗಳನ್ನು ಕಾಗದದ ಮೇಲೆ ಬೇರೆ ಬೇರೆಯಾಗಿ ಕಾಣಿಸಿದ್ದು ರೊಟುಮಾಕ್ಕೆ ಅವರು ಮಾಡಿದ ದೊಡ್ಡ ಉಪಕಾರ. ಚುಕ್ಕೆ ಬಿಟ್ಟರೆ ಮೊಟಕು ರೂಪ ಬರಹದಲ್ಲಿ ಕುರುಡಾಗುತ್ತದೆ. ಮೊಬೈಲಿನಲ್ಲಿ ಅವಸರದಿಂದ ಬರೆಯುವ ಈ ಕಾಲದಲ್ಲಿ ಚುಕ್ಕೆಗಳು ಮೊದಲು ಉದುರುತ್ತವೆ. ನಾವು ನಮ್ಮ ದೀರ್ಘಗಳನ್ನು ರೋಮನ್ ಅಕ್ಷರದಲ್ಲಿ ಕಳೆದುಕೊಂಡಂತೆಯೇ. 1998ರಲ್ಲಿ ಫಿಜಿಯ ರಾಜಧಾನಿ ಸುವಾದಲ್ಲಿ ಹೊಸ ರೊಟುಮಾ ನಿಘಂಟು ಬಂತು. ಅದನ್ನು ಸಿದ್ಧಪಡಿಸಿದವರಲ್ಲಿ ಎಲಿಜಬೆತ್ ಇನಿಯಾ ಎಂಬ ರೊಟುಮಾದ ಶಿಕ್ಷಕಿ ಒಬ್ಬರು. ಅದೇ ವರ್ಷ ಅವರು ತಮ್ಮ ಜನರ ಗಾದೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. ಹೊರಗಿನವರು ಶುರುಮಾಡಿದ ಕೆಲಸ ಆ ನುಡಿಯನ್ನು ತಾಯಿಯ ಮಡಿಲಲ್ಲಿ ಕಲಿತವರ ಕೈಗೆ ಬಂದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಸಂಗತಿಯಾಗಿ ಕಾಣುತ್ತದೆ.

2007ರ ಜನಗಣತಿಯ ಹೊತ್ತಿಗೆ ದ್ವೀಪದಲ್ಲಿ ಉಳಿದವರು ಸುಮಾರು 2,000 ಮಂದಿ. ಫಿಜಿಯ ಇತರ ದ್ವೀಪಗಳಲ್ಲಿ, ಬಹುಪಾಲು ಸುವಾ ನಗರದ ಸುತ್ತಮುತ್ತ, ಅದರ ನಾಲ್ಕು ಪಟ್ಟು. ನ್ಯೂಜಿಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಇನ್ನಷ್ಟು. ಕ್ರಿಸ್‌ಮಸ್ಸಿಗೆ ಹಡಗು ಹಿಡಿದು ಊರಿಗೆ ಬರುತ್ತಾರೆ. ರಾತ್ರಿ ಮನೆಮನೆಗೆ ಹಾಡುತ್ತ ಕುಣಿಯುತ್ತ ಹೋಗುವ ತಂಡಗಳ ಮೇಲೆ ಮನೆಯವರು ಪೌಡರು, ಸುಗಂಧ ಎರಚುತ್ತಾರೆ. ರಜೆ ಮುಗಿದ ಮೇಲೆ ಮಕ್ಕಳು ಇಂಗ್ಲಿಷ್ ಶಾಲೆಗೆ ಹಿಂತಿರುಗುತ್ತಾರೆ. ನ್ಯೂಜಿಲೆಂಡಿನಲ್ಲಿ ಈಗ ವರ್ಷಕ್ಕೊಮ್ಮೆ ರೊಟುಮಾ ಭಾಷಾ ವಾರ ನಡೆಯುತ್ತದೆ.

ನನಗೆ ಕಳವಳ ಇರುವುದು ಇಲ್ಲಿ. ಪದಗಳನ್ನು ಪಟ್ಟಿಮಾಡಿ ಕಲಿಸಬಹುದು: ಹೂವು, ಮೀನು, ಕಲ್ಲು, ಚಾಪೆ. ಮಗು ‘ಹೊಸ’ ಎಂದು ಕಲಿಯುತ್ತದೆ, ಚಂದ. ಆದರೆ ಯಾವಾಗ ‘ಹೊಸ’, ಯಾವಾಗ ‘ಹೊಅಸ್’ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಅದು ಅಜ್ಜಿ ಚಾಪೆ ಹೆಣೆಯುತ್ತ ಆಡುವ ಮಾತಿನಲ್ಲಿ, ದಿನಕ್ಕೆ ನೂರು ಸಲ, ಕಿವಿಗೆ ಬಿದ್ದು ಬಿದ್ದು ಬರಬೇಕಾದ ತಿಳಿವಳಿಕೆ. ನಮ್ಮ ಮಕ್ಕಳು ‘ಚಾಪೆ ತಂದೆ’, ‘ಚಾಪೆಯನ್ನು ತಂದೆ’ ಎಂಬ ಭೇದವನ್ನು ಯಾವ ಪಾಠದಲ್ಲೂ ಕಲಿತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನನ್ನ ಮೊಮ್ಮಗಳಿಗೆ ಕನ್ನಡ ಪದಗಳು ಗೊತ್ತು, ಈ ಭೇದ ಗೊತ್ತಿಲ್ಲ. ಅವಳೊಡನೆ ಮಾತಾಡುವಾಗ ನನಗೆ ರೊಟುಮಾದ ಅಜ್ಜಿಯರ ನೆನಪಾಗುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಹಿಂತಿರುಗುತ್ತೇನೆ. ಹೌದಮ್ಮ, ಅಕ್ಷರಗಳು ಜಾಗ ಬದಲಿಸುತ್ತವೆ. ಬದಲಿಸಿ ಅರ್ಥವನ್ನೂ ಹೇಳುತ್ತವೆ. ಅವರ ಭಾಷೆಯ ಹೆಸರನ್ನೇ ನೋಡು. ಮಾತು ಎಂಬುದಕ್ಕೆ ‘ಫ್ಯಾಎಙ’. ಭಾಷೆಯ ಹೆಸರು ‘ಫ್ಯಾಎಅಙ್ ರೊಟುಅಮ್’. ನೀನು ಶಾಲೆಯಲ್ಲಿ ಹಾಡಿ ಮರೆತ ಙ ಅಲ್ಲಿದೆ. ಅದರ ಹಿಂದೆ ತುದಿಯ ಅಕಾರ ಬಂದು ಕೂತಿದೆ. ರೊಟುಮಾದ ಮಕಾರದ ಹಿಂದೆಯೂ ಹಾಗೆಯೇ.

2004ರಲ್ಲಿ ವಿಲ್ಸೋನಿ ಹೆರೆನಿಕೊ ತಮ್ಮ ಹುಟ್ಟಿದ ದ್ವೀಪದಲ್ಲಿ, ಅಲ್ಲಿಯ ಜನರನ್ನೇ ಇಟ್ಟುಕೊಂಡು, ಒಂದು ಚಲನಚಿತ್ರ ಮಾಡಿದರು. ಕಳ್ಳತನದ ಸುಳ್ಳು ಆರೋಪ ಹೊತ್ತ ತಂದೆ, ಸತ್ಯ ಹೊರಬರಬೇಕೆಂದು ಹಟ ಹಿಡಿದ ಮಗಳು. ಚಿತ್ರದ ಹೆಸರು ‘ಪೆಅರ್ ತ ಮ ’ಒನ್ ಮಫ್’. ಇದನ್ನು ಈಗ ನೀವೇ ಬಿಡಿಸಬಲ್ಲಿರಿ. ‘ಪೆರ’ ಎಂದರೆ ನೆಲ. ತುದಿಯ ಅಕಾರ ರಕಾರವನ್ನು ದಾಟಿ ಒಳಗೆ ಬಂದು ‘ಪೆಅರ್’. ‘ತ’ ಅಂದರೆ ಆ, ಗೊತ್ತಿರುವ ಆ ಒಂದು. ‘’ಒನ್’ ಎಂದರೆ ಅದರ. ‘ಮಫ’ ಎಂದರೆ ಕಣ್ಣು, ಎಂದೋ ತೈವಾನಿನ ಕಡೆಯಿಂದ ದೋಣಿ ಹತ್ತಿದ ‘ಮತ’. ತಕಾರ ಫಕಾರವಾಗಿ, ತುದಿಯ ಸ್ವರ ಕಳಚಿ, ‘ಮಫ್’. ನೆಲಕ್ಕೆ ಕಣ್ಣಿದೆ.